ಆರನೇ ಮಗ್ಗದ ಮೇಲಿನ ಜಾಯಿಂಟು

ನಾನು ಕೂಡಿಸಿದ ಜಾಯಿಂಟು ಸೋರುವುದಿಲ್ಲ. ಇಪ್ಪತ್ತೆರಡು ವರ್ಷ ಈ ಮಾತನ್ನು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದವನು ನಾನು. ಬೇರೆಯವರು ಕೂಡಿಸಿದ ಪೈಪು ಕಂಡರೆ ಸಾಕು, ಸಿಟ್ಟು ಮೂಗಿನ ತುದಿಗೆ ಬಂದು ಕೂರುತ್ತಿತ್ತು. ಮದುವೆಗೆ ಹೋದರೂ ಊಟಕ್ಕೆ ಕೂರುವ ಮೊದಲು ಕೈತೊಳೆಯುವ ನಲ್ಲಿಯನ್ನು ಬಗ್ಗಿ ನೋಡಿ, "ಯಾವನಂವ ಇದನ್ನ ಕೂಡಿಸಿದಾಂವ?" ಎಂದು ಕೂಗಾಡಿ ಹೆಂಡತಿಯಿಂದ ಬೈಸಿಕೊಂಡದ್ದುಂಟು. ನಾನಿರುವ ಮಕ್ತಲಿನಲ್ಲಿ ಯಾರನ್ನಾದರೂ ಕೇಳಿ, ನನಗೆ ಬೆಂಕಿ ಪೈಪಿನ ಎಂಕಪ್ಪ ಎಂದೇ ಹೆಸರು. ಅಲ್ಲ, ಹೆಸರಿತ್ತು.

ಬೆಂಕಿ ಪೈಪು ಎಂದರೆ ದೊಡ್ಡ ಕಟ್ಟಡಗಳ ಚಾವಣಿಯಲ್ಲಿ ಕೆಂಪು ಬಣ್ಣ ಬಳಿದು ಎಳೆದಿರುತ್ತಾರಲ್ಲ, ಆ ಪೈಪು. ಹತ್ತಡಿಗೊಂದರಂತೆ ಅದಕ್ಕೆ ಸ್ಪ್ರಿಂಕ್ಲರ್ ಇರುತ್ತದೆ. ಅದರ ಬಾಯಿಗೆ ಕಿರುಬೆರಳಿನ ಅರ್ಧದಷ್ಟು ಉದ್ದದ ಒಂದು ಗಾಜಿನ ಕೊಳವೆ, ಒಳಗೆ ಕೆಂಪು ದ್ರವ. ಕೆಳಗೆ ಬೆಂಕಿ ಬಿದ್ದು ಕಾವು ಏರಿದರೆ ಗಾಜು ಒಡೆಯುತ್ತದೆ, ನೀರು ಸುರಿಯುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ, ಯಾರೂ ಕೂಗಬೇಕಿಲ್ಲ. ಪೈಪಿನೊಳಗೆ ಹಗಲೂ ರಾತ್ರಿ ನೀರು ಒತ್ತಡದಲ್ಲಿ ನಿಂತಿರಬೇಕು, ಅಷ್ಟೇ. ಆ ನೀರು ನಿಲ್ಲುವುದು ಜಾಯಿಂಟಿನ ಮೇಲೆ, ಜಾಯಿಂಟು ನಿಲ್ಲುವುದು ಫಿಟ್ಟರನ ಕೈಯ ಮೇಲೆ.

ನಾನು ಹುಟ್ಟಿದ್ದು ಮಾತ್ರ ನಾರಾಯಣಪೇಟೆಯ ಮಗ್ಗದ ಮನೆಯಲ್ಲಿ. ಹತ್ತು ವರ್ಷದವನಿದ್ದಾಗಲೇ ಅಪ್ಪ ನನ್ನನ್ನು ಮಗ್ಗದ ಕುಣಿಗೆ ಇಳಿಸಿದ್ದ. ಹತ್ತೊಂಬತ್ತರಲ್ಲಿ ಅಲ್ಲಿಂದ ಎದ್ದು ಬಂದು, ಮತ್ತೆ ಈ ಗುಂಡಿಯೊಳಗೆ ಕಾಲಿಟ್ಟರೆ ಕೇಳು ಎಂದು ಅಕ್ಕನ ಮುಂದೆ ಹೇಳಿ ಹೈದರಾಬಾದಿನ ಬಸ್ಸು ಹತ್ತಿದೆ. ಅಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಪೈಪು ಕೊಯ್ಯುವುದು, ಚೂಡಿ ಹಾಕುವುದು, ರೆಂಚು ಹಿಡಿಯುವುದು ಕಲಿತೆ. ಚೂಡಿ ಎಂದರೆ ಪೈಪಿನ ತುದಿಗೆ ಕೊರೆಯುವ ಸುತ್ತು. ಆ ಸುತ್ತಿನ ಮೇಲೆ ಸಣಬಿನ ಎಳೆ ಸುತ್ತಿ, ಸಫೇದಾ ಎಂಬ ಬಿಳಿ ಲೇಪ ಬಳಿದು, ಬಿಗಿಯಬೇಕು. ನೀರು ತಾಗಿದ ಸಣಬು ಉಬ್ಬಿ ಸಂದು ತುಂಬಿಕೊಳ್ಳುತ್ತದೆ. "ಸಣಬು ಬಿಟ್ಟು ಬೇರೆ ಏನಾದರೂ ಸುತ್ತಿದೆಯೋ, ನನ್ನ ಹೆಸರು ಹೇಳಬೇಡ" ಎನ್ನುತ್ತಿದ್ದ ಉಸ್ತಾದ.

ಅಕ್ಕ ಸುಗುಣಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನಗೆ ಅನ್ನ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು ಅವಳೇ. ನಾನು ಮಗ್ಗ ಬಿಟ್ಟೆ, ಅವಳು ಬಿಡಲಿಲ್ಲ. ಎರಡು ವರ್ಷದ ಹಿಂದೆ ನಾರಾಯಣಪೇಟೆಯ ಸೀರೆ ಸಾಹುಕಾರನೊಬ್ಬ ಹಳೆಯ ಎಣ್ಣೆ ಗಿರಣಿಯನ್ನು ಹಾಲ್ ಮಾಡಿ, ಮನೆಮನೆಗಳಲ್ಲಿದ್ದ ಇಪ್ಪತ್ತು ಮಗ್ಗಗಳನ್ನು ಒಂದೇ ಸೂರಿನಡಿ ತಂದ. ಅಕ್ಕನದು ಆರನೇ ಮಗ್ಗ, ಅವಳ ಸೊಸೆ ರಜಿತಾಳದು ಪಕ್ಕದ ಏಳನೆಯದು. ಹೊರಗಿನ ದೊಡ್ಡ ಅಂಗಡಿಯವರು, ಬೆಂಕಿಯ ಭದ್ರತೆಯ ಕಾಗದವಿಲ್ಲದ ಕಡೆಯಿಂದ ಸೀರೆ ಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿದ ಮೇಲೆ, ಸಾಹುಕಾರ ಗದ್ವಾಲಿನ ಕಾಂಟ್ರ್ಯಾಕ್ಟರ್ ವಿಜಯ್‌ಗೆ ಸ್ಪ್ರಿಂಕ್ಲರ್ ಕೆಲಸ ವಹಿಸಿದ. ವಿಜಯ್ ನನ್ನ ಮಾಲೀಕ. ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ ಕೆಲಸ ಗೊತ್ತಿದ್ದವನು.

ಹೀಗೆ ನಾನು ಬೇಡವೆಂದು ಓಡಿಹೋದ ಮಗ್ಗಗಳ ನೆತ್ತಿಯ ಮೇಲೆಯೇ ಏಣಿ ಹಾಕಿ ನಿಂತೆ. ಒಂದು ತಿಂಗಳ ಕೆಲಸ. ಕೆಳಗೆ ಲಾಳಿಗಳ ಸದ್ದು, ಮೇಲೆ ನನ್ನ ಬೈಗುಳ. "ನಮ್ಮ ತಮ್ಮ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದ್ರ ಪೈಪು ನಿಂದರಂಗಿಲ್ಲ ನೋಡ್ರಿ" ಎಂದು ಅಕ್ಕ ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು. ಅವಳ ದನಿಯಲ್ಲಿದ್ದ ಹೆಮ್ಮೆ ನನಗೆ ಕೇಳಿಸುತ್ತಿತ್ತು. ಕೇಳಿಸಿದಷ್ಟೂ ನಾನು ಇನ್ನೂ ಜೋರಾಗಿ ಬೈಯುತ್ತಿದ್ದೆ.

ಪೈಪಿಗೆ ನೀರು ತುಂಬಿ ನೋಡುವ ಪರೀಕ್ಷೆಯ ಹಿಂದಿನ ದಿನ ಒಂದೇ ಒಂದು ಜಾಯಿಂಟು ಉಳಿದಿತ್ತು, ಸರಿಯಾಗಿ ಆರನೇ ಮಗ್ಗದ ಮೇಲೆ. ಚೀಲಕ್ಕೆ ಕೈ ಹಾಕಿದರೆ ಸಣಬು ಮುಗಿದಿದೆ. ಅಂಗಡಿಗೆ ರಜೆ. ವಿಜಯ್ ಫೋನಿನ ಮೇಲೆ ಫೋನು ಮಾಡುತ್ತಿದ್ದ. ಏಣಿಯಿಂದ ಕೆಳಗೆ ನೋಡಿದೆ. ಮಗ್ಗದ ಪಕ್ಕ ಕಡಿದು ಬಿಸಾಕಿದ ಹಾಸಿನ ನೂಲು, ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ನೂಲು, ಗುಡ್ಡೆ ಬಿದ್ದಿತ್ತು. ನಮ್ಮ ಮನೆಯಲ್ಲಿ ಆ ನೂಲಿನಿಂದ ಕಟ್ಟದ ವಸ್ತುವೇ ಇರಲಿಲ್ಲ. ಮುರಿದ ಕೊಡಲಿಯ ಕಾವು, ಲಾಟೀನಿನ ಹಿಡಿಕೆ, ಸೋರುವ ಕೊಡದ ಕಂಠ, ಎಲ್ಲಕ್ಕೂ ಅದೇ. ಕೈ ತಾನಾಗಿ ಅತ್ತ ಹೋಯಿತು. ಎರಡು ಹಿಡಿ ನೂಲು ಹೊಸೆದು, ಚೂಡಿಗೆ ಸುತ್ತಿ, ಸಫೇದಾ ಬಳಿದು, ರೆಂಚಿನಿಂದ ಬಿಗಿದೆ. ಸಣಬಿಗಿಂತ ನುಣ್ಣಗೆ ಕೂತಿತು. ಎಂಥ ಬುದ್ಧಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಗ್ಗದ ಮನೆಯಲ್ಲಿ ಹುಟ್ಟದ ಫಿಟ್ಟರನಿಗೆ ಈ ಬುದ್ಧಿ ಹೊಳೆಯುತ್ತಲೇ ಇರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವನಿಗೆ ನೆನಪಿರಬೇಕಾಗಿದ್ದ ಒಂದು ಮಾತು ನನಗೆ ನೆನಪಾಗಲಿಲ್ಲ. ಹಾಸಿನ ನೂಲಿಗೆ ಗಂಜಿ ಹಾಕಿರುತ್ತಾರೆ, ಗಂಜಿ ನೀರಿನಲ್ಲಿ ಕರಗುತ್ತದೆ.

ಮರುದಿನ ಹದಿನಾಲ್ಕು ಕೇಜಿ ಒತ್ತಡ ಕೊಟ್ಟು ಎರಡು ತಾಸು ನಿಲ್ಲಿಸಿದೆವು. ಗೇಜಿನ ಮುಳ್ಳು ಕೂದಲೆಳೆಯಷ್ಟೂ ಅಲುಗಲಿಲ್ಲ. ವಿಜಯ್ ನನ್ನ ಭುಜ ಹಿಡಿದುಕೊಂಡು, "ಎಂಕಪ್ಪಾ, ಗದ್ವಾಲಿನಾಗ ನಾಲ್ಕು ಮಾಳಿಗಿ ದವಾಖಾನಿ ಕೆಲಸ ಬರಾಕತ್ತೈತಿ. ಅದಕ್ಕ ನೀನs ಹೆಡ್ ಫಿಟ್ಟರ್. ಇಲ್ಲಿ ಮೂರು ತಿಂಗಳ ತಪಾಸಣಿ ಕಾಗದ ಸಾಫ್ ಬರಲಿ, ಸಾಕು" ಎಂದ. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಕೈಕೆಳಗೆ ಏಣಿ ಹತ್ತಿದವನಿಗೆ ಆ ಮಾತು ಎಷ್ಟು ರುಚಿಸಿತೆಂದು ಹೇಳಲಾರೆ. ಅಂದು ಊಟ ಕೂಡ ನೆನಪಾಗಲಿಲ್ಲ.

ಮೂರು ತಿಂಗಳಿಗೆ ತಪಾಸಣೆಗೆ ಹೋದೆ. ಹಾಲಿನ ಹಿಂಬದಿಯಲ್ಲಿ ನೂಲಿನ ಲಡಿಗಳನ್ನು ಇಡುವ ಕೋಣೆ. ಅದರ ಬಾಗಿಲ ಪಕ್ಕದ ಗೋಡೆಗೆ ಮುಖ್ಯ ವಾಲ್ವು. ಅದರ ಚಕ್ರವನ್ನು ಪೂರಾ ತೆರೆದು, ಯಾರೂ ತಿರುಗಿಸದಂತೆ ತಂತಿ ಬಿಗಿದು ಸೀಸದ ಮುದ್ರೆ ಒತ್ತಿ ಹೋಗಿದ್ದೆ. ಈಗ ತಂತಿಯೂ ಇಲ್ಲ, ಮುದ್ರೆಯೂ ಇಲ್ಲ. ಅದರ ಜಾಗದಲ್ಲಿ ಏಳೆಳೆ ಹೊಸೆದ ನೂಲಿನ ಹುರಿ, ಅದಕ್ಕೊಂದು ನೇಕಾರರ ಗಂಟು. ಗಂಟಿನ ತುದಿಗಳನ್ನು ಒಳಕ್ಕೆ ಮಡಚಿ ಸಿಕ್ಕಿಸಿತ್ತು. ಹಾಗೆ ಸಿಕ್ಕಿಸುತ್ತಿದ್ದವನು ನಮ್ಮ ಅಪ್ಪ. ಅವನಿಂದ ಕಲಿತವಳು ಅಕ್ಕ ಒಬ್ಬಳೇ. ಚಕ್ರ ಹಿಡಿದು ನೋಡಿದೆ. ವಾಲ್ವು ಪೂರ್ತಿ ಮುಚ್ಚಿತ್ತು.

ಗೇಜು ಪಂಪಿನ ಕಡೆಗಿದ್ದುದರಿಂದ ಅದು ಒತ್ತಡ ಸರಿಯಾಗಿಯೇ ತೋರಿಸುತ್ತಿತ್ತು. ಆದರೆ ಹಾಲಿನ ಮೇಲಿನ ಯಾವ ಪೈಪಿಗೂ ನೀರಿನ ಬೆಂಬಲವಿರಲಿಲ್ಲ.

ನೇರ ಆರನೇ ಮಗ್ಗಕ್ಕೆ ಹೋದೆ. "ಅಕ್ಕಾ, ಆ ಚಕ್ರ ತಿರುವಿದ್ದು ಯಾಕ?"

ಅವಳು ಲಾಳಿ ನಿಲ್ಲಿಸಲಿಲ್ಲ. "ಮೆಲ್ಲಕ ಮಾತಾಡು. ಊರಿಗೆಲ್ಲ ಕೇಳಸ್ತೀ ಏನು?"

"ಇಪ್ಪತ್ತು ಮಗ್ಗ ಅದಾವ ಇಲ್ಲಿ. ಬೆಂಕಿ ಬಿದ್ರ ಒಂದು ಹನಿ ನೀರು ಬರಂಗಿಲ್ಲ. ಗೊತ್ತೈತೇನು ನಿನಗ?"

"ಹನಿ ಬಂತಲ್ಲ, ಅದಕ್ಕ ಮುಚ್ಚೀನಿ." ಅವಳು ಗಲ್ಲ ಎತ್ತಿ ಮೇಲಿನ ಜಾಯಿಂಟನ್ನು ತೋರಿಸಿದಳು. "ಹಾಸಿನ ಮ್ಯಾಲ ಬಿತ್ತು. ಮೊದಲು ಹಲ್ಲಿ ಅಂದ್ಕೊಂಡೆ. ಬೆರಳಿಗೆ ಹಚ್ಚಿ ಮೂಸಿ ನೋಡಿದೆ. ಹಳಸಿದ ಗಂಜಿ ವಾಸನಿ. ಪೈಪಿನಾಗ ಗಂಜಿ ಎಲ್ಲಿಂದ ಬರಬೇಕೋ ತಮ್ಮಾ? ನಮ್ಮ ಮನ್ಯಾಗ ಹುಟ್ಟಿದಾಂವನ ಬಿಟ್ರ ಅಲ್ಲಿ ನೂಲು ಸುತ್ತಾವ್ರು ಯಾರು ಅದಾರ?"

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಲೆ ಎತ್ತಿದೆ. ಕೆಂಪು ಬಣ್ಣದ ಜಾಯಿಂಟಿನ ಸುತ್ತ ಬಿಳಿಯ ಪರೆ ಕಟ್ಟಿತ್ತು. ನಾನು ಮದುವೆ ಮನೆಗಳಲ್ಲಿ ಬಗ್ಗಿ ನೋಡಿ ಬೈಯುತ್ತಿದ್ದಂಥ ಜಾಯಿಂಟು.

"ಯಾರಿಗೂ ಹೇಳಿಲ್ಲ ನಾನು. ರಜಿತಾಗೂ ಹೇಳಿಲ್ಲ" ಎಂದಳು ಅಕ್ಕ. "ಎಂಕಪ್ಪನ ಪೈಪು ಸೋರತೈತಿ ಅಂತ ಈ ಹೆಣ್ಮಕ್ಕಳ ಬಾಯಾಗ ಬಂದ್ರ ಸಂಜಿಗಿ ಮಕ್ತಲ್ ಮುಟ್ಟತೈತಿ."

"ಈಗಿಂದೀಗ ಬಿಚ್ಚಿ ಸಣಬು ಹಾಕ್ತೀನಿ."

"ಬಿಚ್ಚಿದ್ರ ಒಳಗಿನ ನೀರು ಎಲ್ಲಿಗಿ ಬೀಳತೈತಿ?"

ಅದು ನನಗೇ ಚೆನ್ನಾಗಿ ಗೊತ್ತಿತ್ತು. ಕಬ್ಬಿಣದ ಪೈಪಿನಲ್ಲಿ ತಿಂಗಳುಗಟ್ಟಲೆ ನಿಂತ ನೀರು ಕರ್ರಗೆ, ಎಣ್ಣೆ ಎಣ್ಣೆಯಾಗಿ, ಕೆಟ್ಟ ನಾತದಿಂದ ಇರುತ್ತದೆ. ಕೆಳಗಡೆ ಕುಂಕುಮ ಬಣ್ಣದ ಹಾಸು. ನಾರಾಯಣಪೇಟೆಯಲ್ಲಿ ಒಂದೇ ಹಾಸಿನ ಮೇಲೆ ಎಂಟು ಸೀರೆ ನೇಯುತ್ತಾರೆ. ನಡುವೆ ಹಾಸನ್ನು ತೆಗೆಯುವಂತಿಲ್ಲ, ಮಗ್ಗವನ್ನು ಸರಿಸುವಂತಿಲ್ಲ.

"ಐದು ಆಗ್ಯಾವ, ಮೂರು ಉಳದಾವ. ಹದಿನೈದು ದಿನ ತಡಿ. ಹಾಸು ಕಡದಮ್ಯಾಲ ಏಣಿ ಹಾಕ್ಕೊ, ಏನು ಬೇಕಾದ್ದು ಮಾಡ್ಕೊ. ಇಷ್ಟು ವರ್ಷ ಬೀಳದ ಬೆಂಕಿ ಹದಿನೈದು ದಿನದಾಗ ಬೀಳತೈತೇನು?"

ಗದ್ವಾಲಿನ ದವಾಖಾನೆ, ನಾಲ್ಕು ಮಾಳಿಗೆ, ಹೆಡ್ ಫಿಟ್ಟರ್ ಎಂಬುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಕಿಸೆಯಿಂದ ತಪಾಸಣೆಯ ಕಾಗದ ತೆಗೆದೆ. ಮುಖ್ಯ ವಾಲ್ವು ಎಂಬ ಸಾಲಿನ ಮುಂದೆ 'ತೆರೆದಿದೆ' ಎಂದು ಬರೆದು ಸಹಿ ಹಾಕಿದೆ. ಜಾಯಿಂಟುಗಳು ಎಂಬ ಸಾಲಿನ ಮುಂದೆ 'ಸರಿಯಾಗಿವೆ' ಎಂದು ಬರೆದೆ. ಹಾಲಿನ ಕಾವಲುಗಾರ ಯಲ್ಲಯ್ಯ, ವಾಲ್ವಿನ ಜಿಮ್ಮಾ ಹೊತ್ತವನೆಂದು ಅದೇ ಕಾಗದದ ಕೆಳಗೆ ಹೆಬ್ಬೆಟ್ಟು ಒತ್ತಿದ. ನಾನು ಏನು ಬರೆದೆ ಎಂದು ಆತ ಕೇಳಲಿಲ್ಲ. ನನ್ನ ಮೇಲೆ ಆತನಿಗೆ ಅಷ್ಟು ನಂಬಿಕೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಈಗ ದಿನಕ್ಕೆ ನೂರು ಸಲ ಅದು ನೆನಪಾಗುತ್ತದೆ. ಜಾಯಿಂಟಿನ ಕೆಳಗೆ ಒಂದು ಖಾಲಿ ಎಣ್ಣೆ ಡಬ್ಬಿಯನ್ನು ತಂತಿಯಿಂದ ತೂಗುಬಿಟ್ಟಿದ್ದರೆ ಸಾಕಾಗಿತ್ತು. ಹನಿ ಅದರಲ್ಲಿ ಬೀಳುತ್ತಿತ್ತು, ವಾಲ್ವು ತೆರೆದೇ ಇರುತ್ತಿತ್ತು. ಡಬ್ಬಿ ಮೂಲೆಯಲ್ಲೇ ಬಿದ್ದಿತ್ತು, ತಂತಿ ನನ್ನ ಚೀಲದಲ್ಲೇ ಇತ್ತು. ಆಗ ಹೊಳೆಯಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಇಪ್ಪತ್ತು ಮಗ್ಗದವರ ಕಣ್ಣೆದುರು ನನ್ನ ಜಾಯಿಂಟಿಗೆ ಡಬ್ಬಿ ಕಟ್ಟಲು ನನಗೆ ಮನಸ್ಸು ಬರಲಿಲ್ಲ.

ಹನ್ನೊಂದನೆಯ ದಿನ ಮಂಗಳವಾರ. ನಾನು ಮಕ್ತಲಿನ ಹತ್ತಿ ಗೋದಾಮಿನಲ್ಲಿ ಏಣಿಯ ಮೇಲಿದ್ದೆ. ಹೊತ್ತು ನೆತ್ತಿಗೆ ಬಂದಿತ್ತು. ರಜಿತಾಳ ಫೋನು. ಅಳುವಿನ ನಡುವೆ ಮಾತು ತುಂಡು ತುಂಡಾಗಿ ಬಂತು. "ಮಾವಾ, ಬೆಂಕಿ ಬಿತ್ತು ರೀ. ಎಲ್ಲಾರು ಹೊರಗ ಬಂದ್ವಿ. ಅತ್ತಿ ಕೈ... ಜಲ್ದಿ ಬರ್ರಿ ಮಾವಾ."

ಮಕ್ತಲಿನಿಂದ ನಾರಾಯಣಪೇಟೆಯವರೆಗೆ ಗಾಡಿ ಹೇಗೆ ಓಡಿಸಿದೆನೋ ಗೊತ್ತಿಲ್ಲ. ದವಾಖಾನೆಯ ವರಾಂಡದಲ್ಲಿ ರಜಿತಾ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಕರಿಯ ನೀರಿನಲ್ಲಿ ತೊಯ್ದಿದ್ದಳು. ಆ ನೀರಿನ ನಾತ ನನಗೆ ಪರಿಚಯದ್ದು.

ಲಡಿ ಕೋಣೆಯ ಕರೆಂಟಿನ ಬೋರ್ಡಿನಲ್ಲಿ ಕಿಡಿ ಹಾರಿ ನೂಲಿಗೆ ಹತ್ತಿತಂತೆ. ಒಣ ನೂಲು, ರೇಷ್ಮೆ, ಅಟ್ಟದ ಕಟ್ಟಿಗೆ. ಹೊಗೆ ಹಾಲಿಗೆ ನುಗ್ಗಿತು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಎದ್ದು ಹೊರಬರುವುದೇ ನಿಧಾನ. ಅದರಲ್ಲಿ ಮುದುಕಿಯರಿದ್ದರು, ಏಳು ತಿಂಗಳ ಬಸುರಿಯೊಬ್ಬಳಿದ್ದಳು.

"ಮ್ಯಾಲ ಟಪ್ ಟಪ್ ಅಂತ ಗಾಜು ಒಡದ್ವು ಮಾವಾ. ನೀರು ಮಾತ್ರ ನಾಕು ಹನಿ ಜಿನುಗಿ ನಿಂತುಬಿಡ್ತು" ಎಂದಳು ರಜಿತಾ. "ಎಲ್ಲಾರು ಬಾಗಿಲ ಕಡಿಗಿ ಓಡಿದ್ವಿ. ಅತ್ತಿ ಒಬ್ಬಾಕಿ ಹೊಳ್ಳಿ ಬೆಂಕಿ ಕಡಿಗಿ ಓಡಿದಳು. ನಾ ಸೆರಗು ಹಿಡದು ಜಗ್ಗಿದೆ, ಬಿಡಿಸ್ಕೊಂಡು ಹೋದಳು. ಯಾಕ ಹೋದಳು ಅಂತ ಯಾರಿಗೂ ತಿಳೀಲಿಲ್ಲ. ಸ್ವಲ್ಪ ಹೊತ್ತಿಗೆ ಮ್ಯಾಲಿಂದ ನೀರು ಧೋ ಅಂತ ಬಂತು. ನೀರು ಬಂದ ಮ್ಯಾಲೆನs ಹೊಗಿ ಇಳದು, ಉಳದಾವ್ರೆಲ್ಲ ಬಾಗಿಲು ಕಂಡು ಹೊರಗ ಬಂದ್ರು."

ಯಾಕೆ ಹೋದಳೆಂದು ಗೊತ್ತಿದ್ದವನು ಜಗತ್ತಿನಲ್ಲಿ ನಾನೊಬ್ಬನೇ. ಬೆಂಕಿಯ ಪಕ್ಕದಲ್ಲೇ ಕಾದ ಎರಕದ ಚಕ್ರ, ಅದರ ಮೇಲೆ ಅವಳೇ ಬಿಗಿದ ಏಳೆಳೆಯ ಹುರಿ, ಅಪ್ಪ ಕಲಿಸಿದ ಬಿಚ್ಚದ ಗಂಟು. ಅವಳು ಅದನ್ನು ಮೊದಲು ಉಗುರಿನಿಂದ, ಆಮೇಲೆ ಹಲ್ಲಿನಿಂದ ಬಿಚ್ಚಿ, ಆ ಚಕ್ರವನ್ನು ಎರಡೂ ಅಂಗೈಯಲ್ಲಿ ಹಿಡಿದು ತೆರೆದಿದ್ದಳು. ತೆರೆಯಲು ಹದಿನಾಲ್ಕು ಸುತ್ತು ಬೇಕು. ಅದು ನನಗೆ ಗೊತ್ತು, ನಾನೇ ಕೂಡಿಸಿದ ವಾಲ್ವು.

ಅವಳ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ್ದರು. ತುಟಿಯೂ ಸುಟ್ಟಿತ್ತು. ನಾನು ಮಂಚದ ಪಕ್ಕ ಕೂತು ಗಂಡಸೆಂಬುದನ್ನೂ ಮರೆತು ಅತ್ತೆ. ಅವಳು ಕಣ್ಣು ಬಿಟ್ಟು ನೋಡಿ, "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಳು. ಅಷ್ಟೇ ಅಂದದ್ದು.

ಆಮೇಲಿನ ಎರಡು ದಿನ ನನಗೆ ಸಿಕ್ಕಿದ ಮರ್ಯಾದೆಯನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಒಬ್ಬರ ಜೀವವೂ ಹೋಗಿರಲಿಲ್ಲ. ಸಾಹುಕಾರ ನನ್ನ ಕೊರಳಿಗೆ ಹೂವಿನ ಹಾರ ಹಾಕಿದ. ಬಸುರಿಯ ಗಂಡ ಕಾಲು ಮುಟ್ಟಲು ಬಂದ. ವಿಜಯ್ ಗದ್ವಾಲಿನಿಂದ ಬಂದು, ಕೆಂಪು ಪೈಪಿನ ಕೆಳಗೆ ನನ್ನನ್ನು ನಿಲ್ಲಿಸಿ ಫೋಟೋ ತೆಗೆಸಿ, "ದವಾಖಾನಿ ಕೆಲಸ ನಿಂದು, ಪಕ್ಕಾ" ಎಂದ. ನಾನು ಪಕ್ಕದ ಆರನೇ ಮಗ್ಗ ನೋಡುತ್ತಿದ್ದೆ. ಯಾವ ಹಾಸನ್ನು ಉಳಿಸಲೆಂದು ವಾಲ್ವು ಮುಚ್ಚಿದ್ದೆವೋ ಅದೇ ಹಾಸಿನ ಮೇಲೆ ಕರಿಯ ನೀರು ಸುರಿದು ಒಣಗಿತ್ತು.

ಮೂರನೆಯ ದಿನ ಬೆಂಕಿ ಇಲಾಖೆಯ ಅಧಿಕಾರಿ ಬಂದ. ಗೋಡೆಯ ಮಸಿ, ಅಟ್ಟದ ಸುಟ್ಟ ಕಟ್ಟಿಗೆ ಎಲ್ಲ ನೋಡಿ, ಗಾಜು ಒಡೆದದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಕೆಲವು ನಿಮಿಷ ಹೋಗಿದೆ, ವಾಲ್ವನ್ನು ಯಾರೋ ಮುಚ್ಚಿದ್ದರು ಎಂದ. ಕಾಗದ ತರಿಸಿದರು. ಕಾಗದದಲ್ಲಿ ಎಂಕಪ್ಪ 'ತೆರೆದಿದೆ' ಎಂದು ಬರೆದಿದ್ದಾನೆ. ಎಂಕಪ್ಪ ಬರೆದ ಮೇಲೆ ಅದು ಸುಳ್ಳಿರಲು ಸಾಧ್ಯವಿಲ್ಲ. ಹಾಗಾದರೆ ಆಮೇಲೆ ಮುಚ್ಚಿದವನು, ಜಿಮ್ಮಾ ಹೊತ್ತು ಹೆಬ್ಬೆಟ್ಟು ಒತ್ತಿದ ಯಲ್ಲಯ್ಯ. ಸಾಹುಕಾರ ಅವನನ್ನು ಎಲ್ಲರೆದುರು ಹೊರಗೆ ತಳ್ಳಿದ. ಕೈ ಸುಟ್ಟುಕೊಂಡ ಹೆಂಗಸಿನ ಪಾಪ ನಿನ್ನ ತಲೆಗೆ ಎಂದು ಹೆಣ್ಣುಮಕ್ಕಳು ಅವನ ಮೇಲೆ ಮಣ್ಣು ತೂರಿದರು.

ಯಲ್ಲಯ್ಯ ನನ್ನ ಹತ್ತಿರ ಬಂದ. "ಎಂಕಪ್ಪಣ್ಣ, ನಾ ಆ ಚಕ್ರ ಮುಟ್ಟಿಲ್ಲ ರೀ. ನೀವು ಹೇಳಿದ್ರ ನಂಬ್ತಾರ. ನೀವೊಂದು ಮಾತು ಹೇಳ್ರಿ."

ಆ ದಿನ ನಾನು ಹೇಳಲಿಲ್ಲ. ತಲೆ ತಗ್ಗಿಸಿ ಗಾಡಿ ಹತ್ತಿದೆ. ಎರಡು ದಿನ ಕೆಲಸಕ್ಕೆ ಹೋಗದೆ ಮನೆಯಲ್ಲೇ ಕೂತೆ. ಮೂರನೆಯ ದಿನ ಜುರಾಲಾ ಅಣೆಕಟ್ಟು ದಾಟಿ ಗದ್ವಾಲಿಗೆ ಹೋಗಿ ವಿಜಯ್ ಮುಂದೆ ಕೂತು ಎಲ್ಲ ಹೇಳಿದೆ. ನೂಲು, ಗಂಜಿ, ಡಬ್ಬಿ, ಸಹಿ, ಎಲ್ಲ. ಒಂದೇ ಒಂದು ಬದಲಿಸಿದೆ. ವಾಲ್ವು ಮುಚ್ಚಿದವನು ನಾನೇ ಎಂದೆ.

ವಿಜಯ್ ಎದ್ದು ಬಾಗಿಲು ಮುಂದೆ ಮಾಡಿ ಬಂದ. ಆಮೇಲೆ ತೆಲುಗಿನಲ್ಲಿ, "ಏಮೀ ಕಾದು, ಎಂಕಪ್ಪಾ" ಎಂದ. ಏನೂ ಆಗುವುದಿಲ್ಲ ಎಂದು. "ಕಾವಲುಗಾರನಿಗೆ ಬೇರೆ ಕಡಿ ಕೆಲಸ ಕೊಡಸ್ತೀನಿ. ನೀ ದವಾಖಾನಿ ಕೆಲಸಕ್ಕ ಬಾ. ಇದನ್ನ ಇಲ್ಲಿಗೇ ಮರತುಬಿಡು."

ಎಷ್ಟು ಸುಲಭವಾಗಿತ್ತು. ಒಂದು ಕ್ಷಣ ಹೂಂ ಎನ್ನಬೇಕೆನಿಸಿತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನಾಲ್ಕು ಮಾಳಿಗೆಯಲ್ಲಿ ಮಲಗುವ ರೋಗಿಗಳು ಕಣ್ಣ ಮುಂದೆ ಬಂದರು. ಅವರ ನೆತ್ತಿಯ ಮೇಲಿನ ವಾಲ್ವು ತೆರೆದಿದೆ ಎಂದು ಬರೆಯುವ ಕೈ ಇದೇ ಅಲ್ಲವೇ? ಎದ್ದು ಬಂದು, ಅಧಿಕಾರಿಯ ಕಚೇರಿಯಲ್ಲಿ ಅದೇ ಮಾತುಗಳನ್ನು ಬರೆದು ಸಹಿ ಹಾಕಿ ಕೊಟ್ಟೆ.

ಎರಡೇ ದಿನದಲ್ಲಿ ಊರೂರಿಗೆ ಹಬ್ಬಿತು. ಹಾರ ಹಾಕಿದ ಸಾಹುಕಾರ ಉಗಿದ. ಬಸುರಿಯ ಗಂಡ ಕೊರಳಪಟ್ಟಿ ಹಿಡಿದ. ವಿಜಯ್ ಫೋನು ಎತ್ತಲಿಲ್ಲ. ವಿಚಾರಣೆಯ ನೋಟೀಸು ಬಂತು, ಅದು ಇನ್ನೂ ನಡೆಯುತ್ತಿದೆ. ಯಲ್ಲಯ್ಯನನ್ನು ಮತ್ತೆ ಕೆಲಸಕ್ಕೆ ಕರೆದರು. ಅವನೂ ನನ್ನ ಮುಖ ನೋಡದೆ ಪಕ್ಕಕ್ಕೆ ಸರಿದ. ಅವನದು ತಪ್ಪೆಂದು ನಾನು ಹೇಳುವುದಿಲ್ಲ.

ಇವೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಅಕ್ಕನ ಸಿಟ್ಟು. ದವಾಖಾನೆಯಿಂದ ಮನೆಗೆ ಬಂದವಳಿಗೆ ರಜಿತಾ ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ನನ್ನನ್ನು ಕಂಡದ್ದೇ ಅಕ್ಕ ಆ ತುತ್ತನ್ನು ಬಾಯಿಂದ ಸರಿಸಿದಳು.

"ನಿನ್ನ ಹೆಸರು ಉಳೀಲಿ ಅಂತ ಎರಡೂ ಕೈ ಸುಟಗೊಂಡೆ. ನೀ ಹೋಗಿ ಅದನ್ನ ಒಂದು ಕಾಗದದಾಗ ಬರದು ಒಗದು ಬಂದಿ. ಮತ್ತ ನಾ ಮುಚ್ಚಿದ್ದನ್ನೂ ನೀನs ಮುಚ್ಚೀದಿ ಅಂತ ಬರದಿ. ನಾ ಮಾಡಿದ್ದು ತಪ್ಪಾಗಲಿ, ಅದು ನಂದು. ಅದನ್ನೂ ನಿನಗs ಬೇಕಾತೇನು? ಎದ್ದು ಹೋಗು."

ಎದ್ದು ಹೋದೆ. ಒಂದೂವರೆ ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ.

ಹಾಲಿಗೆ ಸುಣ್ಣ ಬಳಿದು, ಮಗ್ಗಗಳನ್ನು ಮತ್ತೆ ಹೂಡಿದರು. ಬೇರೆ ಫಿಟ್ಟರ್ ಬಂದು ಲೈನು ಸರಿಮಾಡುತ್ತಾನೆಂದು ತಿಳಿದು, ನಾನು ಸಾಹುಕಾರನ ಬಾಗಿಲಿಗೆ ಹೋಗಿ, ಆ ಒಂದು ಜಾಯಿಂಟನ್ನು ಬಿಚ್ಚುವುದಕ್ಕಷ್ಟೇ ಬಿಡಿ ಎಂದು ಬೇಡಿಕೊಂಡೆ. ಹೊಸ ಫಿಟ್ಟರ್ ನೋಡುತ್ತಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿದ. ರೆಂಚು ಹಾಕಿ ತಿರುವಿದೆ. ಚೂಡಿಯ ಸುತ್ತ ನನ್ನ ನೂಲು ಕೊಳೆತು ಲೋಳೆಯಾಗಿ ಅಂಟಿತ್ತು. ಬೆರಳಿನಿಂದ ಒರೆಸಿ ತೆಗೆದು, ಹೊಸ ಸಣಬು ಸುತ್ತಿ, ಬಿಗಿದು ಕೆಳಗಿಳಿದೆ. ಹೊಸ ಫಿಟ್ಟರ್ ಏಣಿ ಹತ್ತಿ ಒಮ್ಮೆ ನೋಡಿ ಇಳಿದ. ವಾಲ್ವಿಗೆ ಈಗ ಸರಪಳಿ ಹಾಕಿ ಬೀಗ ಜಡಿದಿದ್ದರು.

ಆರನೇ ಮಗ್ಗದ ಪಕ್ಕದಲ್ಲಿ ಅಕ್ಕ ಕೂತಿದ್ದಳು. ಬ್ಯಾಂಡೇಜು ತೆಗೆದಿದ್ದರು. ಬೆರಳುಗಳು ನೇರವಾಗುತ್ತಿರಲಿಲ್ಲ, ತುದಿಯ ಚರ್ಮ ನುಣ್ಣಗೆ ಗುಲಾಬಿಯಾಗಿತ್ತು. ಮಗ್ಗಕ್ಕೆ ಹೊಸ ಹಾಸು ತಂದಿಟ್ಟಿದ್ದರು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಮಗ್ಗದಲ್ಲಿ ಉಳಿಸಿದ ಹಳೆಯ ಎಳೆಯ ತುದಿಗೆ ಕೈಯಿಂದ ಹೊಸೆಯಬೇಕು. ಬೂದಿ ಹಚ್ಚಿಕೊಂಡ ಬೆರಳ ತುದಿಗೆ ಎಳೆ ಹಿಡಿಯಿತೋ ಇಲ್ಲವೋ ತಿಳಿಯಬೇಕು. ಮೂವತ್ತೈದು ವರ್ಷ ಅವಳೇ ಹೊಸೆದಿದ್ದಳು, ಬೇರೆ ಯಾರ ಹೊಸೆತವೂ ಅವಳಿಗೆ ಸರಿಬರುತ್ತಿರಲಿಲ್ಲ. ಈಗ ಒಂದು ಎಳೆ ಎತ್ತಲು ನೋಡಿದಳು. ಅದು ಬೆರಳಲ್ಲಿ ಇದೆಯೋ ಜಾರಿತೋ ಎಂಬುದೂ ಅವಳಿಗೆ ತಿಳಿಯಲಿಲ್ಲ.

ನಾನು ಚೀಲ ಹೆಗಲಿಗೆ ಹಾಕಿ ದಾಟಿ ಹೋಗುತ್ತಿದ್ದೆ.

"ಎಲ್ಲಿಗಿ ಹೊಂಟಿ?" ಎಂದಳು, ಮುಖ ನೋಡದೆ.

ನನ್ನನ್ನೇ ಕೇಳುತ್ತಿದ್ದಾಳೆಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. "ಮನಿಗಿ."

"ಮನ್ಯಾಗ ಏನು ಕೆಲಸ ಐತಿ ನಿನಗ ಈಗ?" ಬೂದಿಯ ಬಟ್ಟಲನ್ನು ಮೊಣಕೈಯಿಂದ ನನ್ನ ಕಡೆ ತಳ್ಳಿದಳು. "ಮೂರು ಸಾವಿರದ ಮ್ಯಾಲ ಎಳಿ ಅದಾವ. ಇಳಿ. ಕೂಡು."

ನಾನು ಚೀಲ ಇಳಿಸಿದೆ. ಇನ್ನೆಂದೂ ಕಾಲಿಡುವುದಿಲ್ಲ ಎಂದ ಕುಣಿಗೆ ಇಳಿದು ಕೂತೆ. ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ಎಳೆ, ಹೊಸ ಎಳೆ ಸೇರಿಸಿ ಹೊಸೆದೆ. ರೆಂಚು ಹಿಡಿದು ದಪ್ಪಗಟ್ಟಿದ ಬೆರಳು. ಆದರೂ ಎಳೆ ಕೂಡಿದಂತೆ ಕಂಡಿತು.

"ಜಗ್ಗಿ ನೋಡು" ಎಂದಳು.

ಜಗ್ಗಿದೆ. ಬಿಚ್ಚಿಹೋಯಿತು.

"ಮತ್ತ ಹೊಸಿ."

ಹೊಸೆದೆ. ಅದೂ ಬಿಚ್ಚಿತು. ಅವಳು ತಡೆಯಲಾರದೆ ತನ್ನ ಬೆರಳು ಮುಂದೆ ತಂದಳು, ಎಳೆಗೆ ಮುಟ್ಟಿಸಿದಳು, ಏನೂ ತಿಳಿಯದೆ ಹಿಂದಕ್ಕೆ ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಕಣ್ಣು ಮಂಜಾಗಿ ಎಳೆ ಕಾಣಲಿಲ್ಲ.

"ಅಳೂದು ಆಮ್ಯಾಲ" ಎಂದಳು ಅಕ್ಕ. "ಮತ್ತ ಹೊಸಿ."